ದುಗ್ಧರಸ: ಮೂರು ಪುಸ್ತಕಗಳಲ್ಲಿ ಹಂಚಿಹೋದ ಒಂದು ವ್ಯವಸ್ಥೆ

ನಮ್ಮ ಶರೀರದಲ್ಲಿ ದ್ರವವನ್ನು ಸಾಗಿಸುವ ನಾಳಗಳ ಜಾಲಗಳು ಎರಡಿವೆ. ಒಂದು ರಕ್ತದ್ದು, ಇನ್ನೊಂದು ದುಗ್ಧರಸದ್ದು. ಮೊದಲನೆಯದಕ್ಕೆ ಪಠ್ಯಪುಸ್ತಕಗಳಲ್ಲಿ ಹೃದಯದ ಚಿತ್ರ, ನಾಲ್ಕು ಕೋಣೆಗಳ ವಿವರಣೆ, ಇಮ್ಮಡಿ ಪರಿಚಲನೆಯ ನಕ್ಷೆ, ರಕ್ತದೊತ್ತಡದ ಮಾತು ಎಲ್ಲವೂ ಉಂಟು. ಎರಡನೆಯದಕ್ಕೆ ಒಂದು ಪ್ಯಾರಾ ಮಾತ್ರ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಂದರೆ ‘ದುಗ್ಧರಸದ ಎರಡು ಕಾರ್ಯಗಳನ್ನು ಬರೆಯಿರಿ’ ಎಂಬಷ್ಟೇ. ವಿದ್ಯಾರ್ಥಿ ಎರಡು ವಾಕ್ಯ ಬರೆದು ಮುಂದೆ ಹೋಗುತ್ತಾನೆ.

ಪುಟಗಳು ಕಡಿಮೆಯಾದುದು ದೊಡ್ಡ ದೋಷವೇನಲ್ಲ. ಹತ್ತನೆಯ ತರಗತಿಯ ಪುಸ್ತಕದಲ್ಲಿ ಎಲ್ಲವನ್ನೂ ತುಂಬಲು ಸಾಧ್ಯವಿಲ್ಲ. ಆದರೆ ಕೊಟ್ಟಿರುವ ಕೆಲವೇ ವಾಕ್ಯಗಳು ವಿಷಯದ ಮೂಲ ಕಾರಣವನ್ನು ಹೇಳುತ್ತವೆಯೇ? ಒಂದು ತರಗತಿಯಲ್ಲಿ ಹೇಳಿದ್ದು ಮುಂದಿನ ತರಗತಿಯಲ್ಲಿ ಹೇಳುವುದಕ್ಕೆ ಹೊಂದುತ್ತದೆಯೇ? ಕಲಿತದ್ದರಿಂದ ವಿದ್ಯಾರ್ಥಿ ತನ್ನ ಊರಿನಲ್ಲಿ ಕಾಣುವ ಒಂದು ಕಾಯಿಲೆಯನ್ನಾದರೂ ಅರ್ಥಮಾಡಿಕೊಳ್ಳಬಲ್ಲನೇ? ಈ ಮೂರು ಪ್ರಶ್ನೆಗಳನ್ನು ಮುಂದಿಟ್ಟುಕೊಂಡು, 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಎನ್‌ಸಿಇಆರ್‌ಟಿ ಹೊರತಂದ ಹತ್ತು, ಹನ್ನೊಂದು ಮತ್ತು ಹನ್ನೆರಡನೆಯ ತರಗತಿಯ ಪುಸ್ತಕಗಳಲ್ಲಿ ದುಗ್ಧರಸದ ಭಾಗವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಹತ್ತನೆಯ ತರಗತಿಯ ಪುಸ್ತಕದ ಕನ್ನಡ ರೂಪ ನಮ್ಮ ರಾಜ್ಯದ ಶಾಲೆಗಳಲ್ಲಿಯೂ, ಉಳಿದೆರಡು ನಮ್ಮ ಪದವಿಪೂರ್ವ ಕಾಲೇಜುಗಳಲ್ಲಿಯೂ ಬಳಕೆಗೆ ಬಂದಿರುವುದರಿಂದ ಇದು ನಮ್ಮ ಶಿಕ್ಷಕರಿಗೆ ನೇರವಾಗಿ ಸಂಬಂಧಿಸಿದ ವಿಷಯ.

ಪುಸ್ತಕಗಳು ಹೇಳುವುದೇನು?

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ರಕ್ತಪರಿಚಲನೆಯ ಬಳಿಕ ದುಗ್ಧರಸದ ಪ್ಯಾರಾ ಬರುತ್ತದೆ. ಅದರ ಸಾರ ಇಷ್ಟು: ಲೋಮನಾಳಗಳ ಭಿತ್ತಿಯ ರಂಧ್ರಗಳ ಮೂಲಕ ಪ್ಲಾಸ್ಮಾ, ಪ್ರೋಟೀನು ಮತ್ತು ರಕ್ತಕಣಗಳು ಸ್ವಲ್ಪ ಪ್ರಮಾಣದಲ್ಲಿ ಹೊರಬಂದು ಅಂಗಾಂಶ ದ್ರವ ಅಥವಾ ದುಗ್ಧರಸವಾಗುತ್ತದೆ. ಅದು ಬಣ್ಣವಿಲ್ಲದ, ಪ್ಲಾಸ್ಮಾಕ್ಕಿಂತ ಕಡಿಮೆ ಪ್ರೋಟೀನುಳ್ಳ ದ್ರವ. ಅದು ನಾಳಗಳ ಮೂಲಕ ದೊಡ್ಡ ಅಭಿಧಮನಿಗಳನ್ನು ಸೇರುತ್ತದೆ. ಕರುಳಿನಿಂದ ಕೊಬ್ಬನ್ನು ಒಯ್ಯುವುದು ಮತ್ತು ಹೆಚ್ಚಾದ ದ್ರವವನ್ನು ರಕ್ತಕ್ಕೆ ಮರಳಿಸುವುದು ಅದರ ಕೆಲಸ. ಇಲ್ಲಿ ದುಗ್ಧರಸದ ನಾಳಗಳ ಚಿತ್ರವಿಲ್ಲ.

ಹನ್ನೊಂದನೆಯ ತರಗತಿಯ ‘ದೇಹದ್ರವಗಳು ಮತ್ತು ಪರಿಚಲನೆ’ ಅಧ್ಯಾಯದಲ್ಲಿಯೂ ಶೀರ್ಷಿಕೆಯಲ್ಲೇ ದುಗ್ಧರಸ ಮತ್ತು ಅಂಗಾಂಶ ದ್ರವ ಒಂದೇ ಎಂಬಂತೆ ಬರೆಯಲಾಗಿದೆ. ಆದರೆ ಇಲ್ಲಿ ದೊಡ್ಡ ಪ್ರೋಟೀನುಗಳೂ ಹೆಚ್ಚಿನ ಕಣಗಳೂ ರಕ್ತನಾಳದಲ್ಲೇ ಉಳಿಯುತ್ತವೆ, ನೀರು ಮತ್ತು ಸಣ್ಣ ಕರಗಿದ ವಸ್ತುಗಳು ಹೊರಬರುತ್ತವೆ ಎಂದಿದೆ. ಲಿಂಫೋಸೈಟುಗಳಿಗೂ ರೋಗನಿರೋಧಕ ಶಕ್ತಿಗೂ ಇರುವ ಸಂಬಂಧ ಒಂದು ವಾಕ್ಯದಲ್ಲಿ ಬಂದುಹೋಗುತ್ತದೆ.

ಹನ್ನೆರಡನೆಯ ತರಗತಿಯ ‘ಮಾನವನ ಆರೋಗ್ಯ ಮತ್ತು ರೋಗ’ ಅಧ್ಯಾಯದಲ್ಲಿ ದುಗ್ಧಗ್ರಂಥಿ, ಗುಲ್ಮ, ಥೈಮಸ್, ಟಾನ್ಸಿಲ್ ಇತ್ಯಾದಿಗಳ ವಿವರಣೆ ಇದೆ. ದುಗ್ಧಗ್ರಂಥಿ ಸೂಕ್ಷ್ಮಜೀವಿಗಳನ್ನು ಹಿಡಿದಿಟ್ಟು, ಅಲ್ಲಿರುವ ಲಿಂಫೋಸೈಟುಗಳನ್ನು ಪ್ರಚೋದಿಸಿ ಪ್ರತಿರಕ್ಷೆಗೆ ಕಾರಣವಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ. ದೇಹದಲ್ಲಿ ಗ್ರಂಥಿಗಳು ಎಲ್ಲೆಲ್ಲಿವೆ ಎಂದು ತೋರಿಸುವ ಚಿತ್ರವೂ ಇದೆ. ಮೂರು ಪುಸ್ತಕಗಳಲ್ಲಿ ಅತ್ಯುತ್ತಮ ಭಾಗ ಇದೇ. ಇದೇ ಅಧ್ಯಾಯದಲ್ಲಿ, ಗ್ರಂಥಿಗಳ ಪರಿಚಯಕ್ಕಿಂತ ಎಷ್ಟೋ ಮುಂಚೆ, ಆನೆಕಾಲು ರೋಗದ ಪ್ಯಾರಾ ಬರುತ್ತದೆ.

ಹೀಗೆ ದ್ರವ ಒಂದು ಕಡೆ, ಗ್ರಂಥಿ ಇನ್ನೊಂದು ಕಡೆ, ರೋಗ ಮತ್ತೊಂದು ಕಡೆ. ಈ ಮೂರನ್ನೂ ಜೋಡಿಸುವ ಒಂದು ವಾಕ್ಯ ಯಾವ ಪುಸ್ತಕದಲ್ಲಿಯೂ ಇಲ್ಲ. ಆ ವಾಕ್ಯ ಯಾವುದೆಂದು ತಿಳಿಯಲು ಮೊದಲಿಗೆ ಪ್ರೋಟೀನಿನ ಪ್ರಶ್ನೆಯನ್ನು ಬಿಡಿಸಬೇಕು.

ಪ್ರೋಟೀನು ಹೊರಬರುತ್ತದೆಯೇ, ಇಲ್ಲವೇ?

ಹತ್ತನೆಯ ತರಗತಿಯ ಪುಸ್ತಕ ಪ್ರೋಟೀನು ಹೊರಬರುತ್ತದೆ ಎನ್ನುತ್ತದೆ. ಹನ್ನೊಂದನೆಯದು ದೊಡ್ಡ ಪ್ರೋಟೀನುಗಳು ಒಳಗೇ ಉಳಿಯುತ್ತವೆ ಎನ್ನುತ್ತದೆ. ಎರಡನ್ನೂ ಓದಿದ ಜಾಣ ವಿದ್ಯಾರ್ಥಿಗೆ ಗೊಂದಲವಾಗುವುದು ಸಹಜ. ವಾಸ್ತವ ಹೀಗಿದೆ: ಲೋಮನಾಳದ ಭಿತ್ತಿ ಪ್ರೋಟೀನನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಪೂರ್ತಿಯಾಗಿ ತಡೆಯುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ ಅದು ಸದಾ ಸೋರುತ್ತಲೇ ಇರುತ್ತದೆ. ಈ ಸೋರಿಕೆ ಕ್ಷಣದ ಲೆಕ್ಕದಲ್ಲಿ ಅಲ್ಪವಾದರೂ ದಿನದ ಲೆಕ್ಕದಲ್ಲಿ ದೊಡ್ಡದು. ರಕ್ತದಲ್ಲಿ ಪರಿಚಲಿಸುವ ಪ್ಲಾಸ್ಮಾ ಪ್ರೋಟೀನಿನ ನಾಲ್ಕನೇ ಒಂದರಿಂದ ಅರ್ಧದಷ್ಟು ಪಾಲು ಒಂದೇ ದಿನದಲ್ಲಿ ಹೊರಗೆ ಬಂದು, ದುಗ್ಧನಾಳಗಳ ಮೂಲಕ ಮರಳಿ ರಕ್ತಕ್ಕೆ ಸೇರುತ್ತದೆ.

ಇಲ್ಲಿ ಮುಖ್ಯ ಸಂಗತಿ ಒಂದಿದೆ. ಹೊರಬಂದ ನೀರು, ಲವಣಗಳು ರಕ್ತಕ್ಕೆ ಮರಳಲು ಬೇರೆ ದಾರಿಗಳಿವೆ. ಪ್ರೋಟೀನಿಗೆ ಇಲ್ಲ. ಪ್ಲಾಸ್ಮಾದಲ್ಲಿ ಪ್ರೋಟೀನಿನ ಸಾರತೆ ಹೆಚ್ಚು, ಅಂಗಾಂಶದಲ್ಲಿ ಕಡಿಮೆ. ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಅದು ತಾನಾಗಿ ಹೋಗಲಾರದು. ಅದಕ್ಕೆ ಇರುವ ಹೆದ್ದಾರಿ ದುಗ್ಧನಾಳ ಒಂದೇ. ಆ ದಾರಿ ಮುಚ್ಚಿದರೆ ಪ್ರೋಟೀನು ಅಂಗಾಂಶದಲ್ಲಿ ಕೂಡುತ್ತದೆ, ಅಭಿಸರಣದಿಂದ ನೀರನ್ನು ತನ್ನತ್ತ ಎಳೆಯುತ್ತದೆ, ಊತ ಬರುತ್ತದೆ.

ಮೂರು ಪುಸ್ತಕಗಳಲ್ಲಿಯೂ ಬಿಟ್ಟುಹೋಗಿರುವ ವಾಕ್ಯ ಇದೇ: ರಕ್ತನಾಳದಿಂದ ಹೊರಬಿದ್ದು, ಅಲ್ಲಿಗೆ ನೇರವಾಗಿ ಮರಳಲಾರದ ದೊಡ್ಡ ಅಣುಗಳನ್ನೂ ಕಣಗಳನ್ನೂ ಹಿಂದಕ್ಕೆ ತರುವುದಕ್ಕಾಗಿ ದುಗ್ಧರಸ ವ್ಯವಸ್ಥೆ ಇದೆ. ‘ಹೆಚ್ಚಾದ ದ್ರವವನ್ನು ಮರಳಿಸುತ್ತದೆ’ ಎಂಬ ಮಾತು ಸುಳ್ಳಲ್ಲ. ಆದರೆ ಅದು ಪರಿಣಾಮವನ್ನು ಹೇಳಿ ಕಾರಣವನ್ನು ಬಿಡುತ್ತದೆ.

ಇನ್ನು ‘ರಕ್ತಕಣಗಳು ಹೊರಬರುತ್ತವೆ’ ಎಂಬ ಮಾತನ್ನು ಬಿಡಿಸಿ ಹೇಳುವುದು ಅಗತ್ಯ. ಬಿಳಿ ರಕ್ತಕಣಗಳು ನಾಳದ ಭಿತ್ತಿಯನ್ನು ದಾಟಿ ಹೊರಬರುವುದು ಅವುಗಳ ಸಹಜ ಕೆಲಸ. ಕೆಂಪು ರಕ್ತಕಣಗಳು ಆರೋಗ್ಯದ ಸ್ಥಿತಿಯಲ್ಲಿ ನಾಳದೊಳಗೇ ಇರುತ್ತವೆ. ದುಗ್ಧರಸ ಕೆಂಪಾಗಿಲ್ಲದಿರುವುದಕ್ಕೆ ಕಾರಣ ಇದೇ. ಒಂದು ವಿಶೇಷಣ ಸೇರಿಸಿದ್ದರೆ ಸಾಕಿತ್ತು.

ಅಂಗಾಂಶ ದ್ರವವೇ ದುಗ್ಧರಸವೇ?

ಅಂಗಾಂಶ ದ್ರವವು ಜೀವಕೋಶಗಳ ಸುತ್ತ ಇರುವ ದ್ರವ. ಅದು ದುಗ್ಧನಾಳದ ಒಳಗೆ ಹೊಕ್ಕ ಮೇಲೆ ಮಾತ್ರ ಅದಕ್ಕೆ ದುಗ್ಧರಸ ಎಂಬ ಹೆಸರು. ಆರಂಭದಲ್ಲಿ ಎರಡರ ಸಂಯೋಜನೆ ಬಹುತೇಕ ಒಂದೇ ಎಂಬುದು ನಿಜ. ಮಳೆಯ ನೀರು ಮತ್ತು ಕಾಲುವೆಯ ನೀರು ಒಂದೇ ಆದರೂ ಕಾಲುವೆಯನ್ನು ಮಳೆ ಎನ್ನುವುದಿಲ್ಲವಷ್ಟೆ. ಎರಡನ್ನೂ ಒಂದೆಂದು ಬರೆದಾಗ ನಡುವೆ ಇರುವ ಬಾಗಿಲು ಕಾಣದಾಗುತ್ತದೆ. ಆ ಬಾಗಿಲ ರಚನೆಯೇ ಈ ಪಾಠದ ಸ್ವಾರಸ್ಯಕರ ಭಾಗ.

ಅತ್ಯಂತ ಸಣ್ಣ ದುಗ್ಧನಾಳಗಳ ಒಂದು ತುದಿ ಮುಚ್ಚಿರುತ್ತದೆ, ಕೈಗವಸಿನ ಬೆರಳಿನಂತೆ. ಅದರ ಭಿತ್ತಿ ಒಂದೇ ಪದರದ ಜೀವಕೋಶಗಳಿಂದಾದದ್ದು. ಹೆಂಚಿನ ಮಾಡಿನಂತೆ ಒಂದು ಕೋಶದ ಅಂಚು ಇನ್ನೊಂದರ ಮೇಲೆ ಬಂದಿರುತ್ತದೆ. ಈ ಅಂಚುಗಳನ್ನು ಅಲ್ಲಲ್ಲಿ ಗುಂಡಿ ಹಾಕಿದಂತೆ ಬಂಧಿಸಲಾಗಿದ್ದು, ಗುಂಡಿಗಳ ನಡುವಿನ ಭಾಗ ಒಳಮುಖವಾಗಿ ಮಾತ್ರ ತೆರೆಯಬಲ್ಲದು. ಕೋಶಗಳ ಹೊರಮೈಯಿಂದ ಹೊರಟ ಸೂಕ್ಷ್ಮ ತಂತುಗಳು ಸುತ್ತಲಿನ ಅಂಗಾಂಶದ ನಾರುಗಳಿಗೆ ಕಟ್ಟಿಕೊಂಡಿರುತ್ತವೆ. ಅಂಗಾಂಶದಲ್ಲಿ ದ್ರವ ಹೆಚ್ಚಿ ಅದು ಉಬ್ಬಿದಾಗ ಈ ತಂತುಗಳು ಬಿಗಿದು ನಾಳವನ್ನು ತೆರೆದು ಹಿಡಿಯುತ್ತವೆ. ಸಾಮಾನ್ಯ ರಬ್ಬರ್ ನಳಿಕೆಯಾಗಿದ್ದರೆ ಹೊರಗಿನ ಒತ್ತಡ ಹೆಚ್ಚಿದಾಗ ಅದು ಮುಚ್ಚಿಕೊಳ್ಳುತ್ತಿತ್ತು. ದುಗ್ಧನಾಳ ಆಗಲೇ ತೆರೆಯುತ್ತದೆ. ಪ್ರೋಟೀನು, ಬ್ಯಾಕ್ಟೀರಿಯ, ಬಿಳಿ ರಕ್ತಕಣ ಎಲ್ಲವೂ ಒಳಗೆ ಹೋಗಲು ಈ ರಚನೆಯೇ ಕಾರಣ. ಹತ್ತನೆಯ ತರಗತಿಯ ವಿದ್ಯಾರ್ಥಿಗೆ ಇದನ್ನು ಒಂದು ಚಿಕ್ಕ ಚಿತ್ರದಲ್ಲಿ ತೋರಿಸಬಹುದು.

‘ಉಳಿದ ನೀರು’ ಎಂಬ ಹಳೆಯ ಲೆಕ್ಕ

ಪಠ್ಯದಲ್ಲಿ ಇಲ್ಲದಿದ್ದರೂ ತರಗತಿಯ ಟಿಪ್ಪಣಿಗಳಲ್ಲಿ, ಮಾರ್ಗದರ್ಶಿಗಳಲ್ಲಿ ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಪುಸ್ತಕಗಳಲ್ಲಿಯೂ ಒಂದು ಲೆಕ್ಕ ಬಹುಕಾಲದಿಂದ ನಡೆದುಬಂದಿದೆ. ಲೋಮನಾಳದ ಅಪಧಮನಿ ತುದಿಯಲ್ಲಿ ರಕ್ತದೊತ್ತಡ ಹೆಚ್ಚು, ಆದ್ದರಿಂದ ದ್ರವ ಹೊರಹೋಗುತ್ತದೆ. ಅಭಿಧಮನಿ ತುದಿಯಲ್ಲಿ ಒತ್ತಡ ಇಳಿದು ಪ್ಲಾಸ್ಮಾ ಪ್ರೋಟೀನುಗಳ ಅಭಿಸರಣ ಸೆಳೆತ ಮೇಲುಗೈ ಪಡೆಯುವುದರಿಂದ ದ್ರವ ಮರಳುತ್ತದೆ. ದಿನಕ್ಕೆ ಸುಮಾರು 20 ಲೀಟರ್ ಹೊರಹೋಗಿ 17 ಲೀಟರ್ ಹಾಗೆಯೇ ಮರಳುತ್ತದೆ. ಉಳಿದ 3 ಲೀಟರನ್ನು ದುಗ್ಧನಾಳ ತರುತ್ತದೆ ಎಂಬುದು ಆ ಲೆಕ್ಕ. ಇದರ ಮೂಲ ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1896ರಲ್ಲಿ ಮಂಡಿಸಿದ ತತ್ತ್ವ. ಒತ್ತಡ ಮತ್ತು ಅಭಿಸರಣಗಳ ಎದುರುಬದುರು ಬಲಗಳಿಂದ ದ್ರವ ವಿನಿಮಯವಾಗುತ್ತದೆ ಎಂಬ ಆ ತತ್ತ್ವ ಇಂದಿಗೂ ಸರಿ. ಅದನ್ನು ಅನ್ವಯಿಸಿದ ಬಗೆಯಲ್ಲಿ ತಿದ್ದುಪಡಿ ಆಗಿದೆ.

ಲೋಮನಾಳದ ಒಳಮೈಗೆ ಸಕ್ಕರೆ ಮತ್ತು ಪ್ರೋಟೀನುಗಳಿಂದಾದ ಒಂದು ತೆಳು ಲೇಪವಿದೆ. ಅದಕ್ಕೆ ಗ್ಲೈಕೋಕ್ಯಾಲಿಕ್ಸ್ ಎಂದು ಹೆಸರು. ಪ್ರೋಟೀನನ್ನು ತಡೆಯುವ ಮುಖ್ಯ ಜರಡಿ ಈ ಲೇಪವೇ. ಆದ್ದರಿಂದ ಅಭಿಸರಣದ ಲೆಕ್ಕಕ್ಕೆ ಬರುವುದು ಲೇಪದ ಒಳಗಿನ ಮತ್ತು ಅದರ ಬೆನ್ನಿಗಿರುವ ಕಿರಿದಾದ ಜಾಗದ ಪ್ರೋಟೀನಿನ ವ್ಯತ್ಯಾಸ. ದ್ರವ ಒಳಮುಖವಾಗಿ ಹರಿಯತೊಡಗಿದರೆ ಪ್ರೋಟೀನು ಲೇಪದ ಹೊರಗೆ ಉಳಿದು ಅಲ್ಲಿ ಅದರ ಸಾರತೆ ಏರುತ್ತದೆ. ಏರಿದಂತೆ ಹೀರಿಕೆ ನಿಂತುಹೋಗುತ್ತದೆ. ಹೀಗಾಗಿ ಹೆಚ್ಚಿನ ಅಂಗಾಂಶಗಳಲ್ಲಿ ಲೋಮನಾಳದ ಉದ್ದಕ್ಕೂ ಅಲ್ಪ ಪ್ರಮಾಣದ ಸೋಸುವಿಕೆಯೇ ನಡೆಯುತ್ತದೆ. ಕರುಳಿನ ಒಳಪದರ, ಮೂತ್ರಪಿಂಡ, ದುಗ್ಧಗ್ರಂಥಿಗಳಂತಹ ಕೆಲವು ಕಡೆ ಮಾತ್ರ ನಿರಂತರ ಹೀರಿಕೆ ಇದೆ. ಈ ತಿದ್ದುಪಡಿಯನ್ನು ರಾಡ್ನಿ ಲೆವಿಕ್ ಮತ್ತು ಚಾರ್ಲ್ಸ್ ಮಿಶೆಲ್ 2010ರ ತಮ್ಮ ವಿಮರ್ಶಾ ಪ್ರಬಂಧದಲ್ಲಿ ಒಟ್ಟುಗೂಡಿಸಿ ವಿವರಿಸಿದರು.

ಈ ನೋಟದಿಂದ ಲೆಕ್ಕವೇ ಬದಲಾಗುತ್ತದೆ. ದಿನಕ್ಕೆ ಅಂದಾಜು 8 ಲೀಟರ್ ದ್ರವ ದುಗ್ಧನಾಳಗಳನ್ನು ಹೊಗುತ್ತದೆ. ಅದರಲ್ಲಿ ಅರ್ಧದಷ್ಟು ನೀರನ್ನು ದುಗ್ಧಗ್ರಂಥಿಗಳಲ್ಲಿರುವ ರಕ್ತನಾಳಗಳು ಹೀರಿಕೊಳ್ಳುತ್ತವೆ. ಉಳಿದ ಸುಮಾರು 4 ಲೀಟರ್ ಕತ್ತಿನ ಬುಡದಲ್ಲಿ ರಕ್ತವನ್ನು ಸೇರುತ್ತದೆ. ರಕ್ತದಲ್ಲಿರುವ ಪ್ಲಾಸ್ಮಾ ಒಟ್ಟು ಸುಮಾರು 3 ಲೀಟರ್ ಮಾತ್ರ ಎಂಬುದನ್ನು ನೆನಪಿಡಬೇಕು. ಅಂದರೆ ನಮ್ಮ ಪ್ಲಾಸ್ಮಾದ ಎರಡು ಪಟ್ಟಿಗಿಂತ ಹೆಚ್ಚು ದ್ರವ ಪ್ರತಿದಿನ ಈ ‘ಉಪನಾಳ’ಗಳಲ್ಲಿ ಸುತ್ತಿಬರುತ್ತದೆ. ಇದನ್ನು ರಕ್ತಪರಿಚಲನೆಗೆ ಅಂಟಿಸಿದ ಬಾಲಂಗೋಚಿಯೆಂದು ಕರೆಯಲಾಗದು.

ಹೃದಯವಿಲ್ಲದ ಹರಿವು

ದುಗ್ಧರಸ ಅಭಿಧಮನಿಯನ್ನು ಸೇರುತ್ತದೆ ಎಂದು ಮೂರೂ ಪುಸ್ತಕಗಳನ್ನು ಓದಿದವರಿಗೆ ತಿಳಿಯುತ್ತದೆ. ಪಾದದಲ್ಲಿರುವ ದ್ರವ ಕತ್ತಿನವರೆಗೆ ಏರುವುದು ಹೇಗೆ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿಲ್ಲ. ತರಗತಿಯಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ: ನಡೆಯುವಾಗ ಸ್ನಾಯುಗಳು ಹಿಂಡುತ್ತವೆ, ಕವಾಟಗಳು ಹಿಂದಕ್ಕೆ ಹರಿಯದಂತೆ ತಡೆಯುತ್ತವೆ. ಇದು ಅರ್ಧ ಉತ್ತರ. ಹಾಗಿದ್ದರೆ ಮಲಗಿರುವವನ ದುಗ್ಧರಸ ನಿಲ್ಲಬೇಕಿತ್ತು.

ಸಂಗ್ರಾಹಕ ದುಗ್ಧನಾಳಗಳ ಭಿತ್ತಿಯಲ್ಲಿ ನಯಸ್ನಾಯು ಇದೆ. ಎರಡು ಕವಾಟಗಳ ನಡುವಿನ ಒಂದೊಂದು ತುಂಡೂ ಒಂದು ಪುಟ್ಟ ಪಂಪಿನಂತೆ ನಿಮಿಷಕ್ಕೆ ಕೆಲವು ಬಾರಿ ತಾನಾಗಿ ಸಂಕುಚಿಸುತ್ತದೆ. ಒಳಗೆ ದ್ರವ ತುಂಬಿ ಭಿತ್ತಿ ಹಿಗ್ಗಿದಷ್ಟೂ ಬಡಿತ ಚುರುಕಾಗುತ್ತದೆ. ಮನುಷ್ಯರ ದುಗ್ಧನಾಳಗಳ ಈ ಲಯಬದ್ಧ ಸಂಕೋಚನವನ್ನು ಕಿನ್ಮಂತ್ ಮತ್ತು ಟೇಲರ್ 1956ರಲ್ಲಿ ವರದಿ ಮಾಡಿದರು. 1980ರಲ್ಲಿ ಓಲ್ಶೆವ್‌ಸ್ಕಿ ಮತ್ತು ಎಂಗೆಸೆಟ್, ಆರೋಗ್ಯವಂತರ ಕಾಲಿನ ದುಗ್ಧನಾಳಗಳಲ್ಲಿ ಒತ್ತಡ ಮತ್ತು ಹರಿವನ್ನು ನೇರವಾಗಿ ಅಳೆದು, ಹರಿವಿಗೆ ಮುಖ್ಯ ಕಾರಣ ನಾಳದ ಸ್ವಂತ ಸಂಕೋಚನವೇ ಎಂದು ತೋರಿಸಿದರು. ಸುತ್ತಲಿನ ಸ್ನಾಯುಗಳ ಹಿಂಡುವಿಕೆ, ಉಸಿರಾಟದಲ್ಲಿ ಎದೆಗೂಡಿನ ಒತ್ತಡದ ಏರಿಳಿತ ಇವು ನೆರವಾಗುತ್ತವೆ.

ಹೀಗೆ ಮೇಲೇರಿದ ದ್ರವ ಕೊನೆಗೆ ಎರಡು ನಾಳಗಳಲ್ಲಿ ಸೇರುತ್ತದೆ. ಎರಡು ಕಾಲು, ಹೊಟ್ಟೆ, ಎಡಗೈ, ತಲೆ ಮತ್ತು ಎದೆಯ ಎಡಭಾಗದ ದುಗ್ಧರಸ ವಕ್ಷೀಯ ನಾಳದ ಮೂಲಕ ಎಡ ಕತ್ತಿನ ಬುಡದಲ್ಲಿ ಅಭಿಧಮನಿಯನ್ನು ಸೇರುತ್ತದೆ. ಬಲಗೈ, ತಲೆ ಮತ್ತು ಎದೆಯ ಬಲಭಾಗದ್ದು ಬಲಗಡೆಯ ಚಿಕ್ಕ ನಾಳದ ಮೂಲಕ ಸೇರುತ್ತದೆ. ಈ ಅಸಮ ಹಂಚಿಕೆಯ ಒಂದು ಚಿತ್ರವಿದ್ದರೂ ವಿದ್ಯಾರ್ಥಿಗಳ ಕುತೂಹಲ ಕೆರಳುತ್ತಿತ್ತು.

ಗ್ರಂಥಿ ಎಂಬ ಪದ, ದುಗ್ಧ ಎಂಬ ಪದ

ಕನ್ನಡದಲ್ಲಿ ಪಾಠ ಮಾಡುವವರು ಎದುರಿಸುವ ಇನ್ನೊಂದು ತೊಡಕು ಪದಗಳದ್ದು. ಲಾಲಾಗ್ರಂಥಿ, ಥೈರಾಯ್ಡ್ ಗ್ರಂಥಿ ಎಂದು ಕಲಿತ ಮಗು ದುಗ್ಧಗ್ರಂಥಿಯೂ ದುಗ್ಧರಸವನ್ನು ಸ್ರವಿಸುತ್ತದೆ ಎಂದು ತಿಳಿದರೆ ತಪ್ಪು ಮಗುವಿನದಲ್ಲ. ದುಗ್ಧಗ್ರಂಥಿ ಏನನ್ನೂ ಸ್ರವಿಸುವ ಅಂಗವಲ್ಲ. ದುಗ್ಧರಸ ಅಲ್ಲಿ ಹುಟ್ಟುವುದಿಲ್ಲ, ಅದರ ಮೂಲಕ ಹಾದುಹೋಗುತ್ತದೆ. ವಿಚಿತ್ರವೆಂದರೆ ಸಂಸ್ಕೃತದಲ್ಲಿ ‘ಗ್ರಂಥಿ’ ಎಂದರೆ ಗಂಟು. ಆ ಮೂಲ ಅರ್ಥದಲ್ಲಿ ದುಗ್ಧಗ್ರಂಥಿ ಬಹಳ ಸರಿಯಾದ ಪದ. ಅದು ದುಗ್ಧನಾಳದ ದಾರಿಯಲ್ಲಿರುವ ಗಂಟು. ಸ್ರವಿಸುವ ಅಂಗಗಳಿಗೂ ಅದೇ ಪದ ಬಳಕೆಗೆ ಬಂದುದರಿಂದ ಗೊಂದಲ ಉಂಟಾಯಿತು. ಶಿಕ್ಷಕರು ಒಂದು ಮಾತಿನಲ್ಲಿ ಇದನ್ನು ತಿಳಿಸಿದರೆ ಸಾಕು, ಪದವನ್ನು ಬದಲಾಯಿಸಬೇಕಾಗಿಲ್ಲ.

‘ದುಗ್ಧ’ ಎಂದರೆ ಹಾಲು. ಕೆಲವರು ಹಾಲ್ರಸ ಎಂದೂ ಬರೆದಿದ್ದಾರೆ. ಆದರೆ ಪುಸ್ತಕ ಹೇಳುವಂತೆ ದುಗ್ಧರಸಕ್ಕೆ ಬಣ್ಣವಿಲ್ಲ. ಹಾಗಾದರೆ ಹಾಲು ಎಲ್ಲಿಂದ ಬಂತು? ಇದಕ್ಕೆ ಉತ್ತರ ಈ ವ್ಯವಸ್ಥೆಯನ್ನು ಕಂಡುಹಿಡಿದ ಕತೆಯಲ್ಲಿಯೇ ಇದೆ. 1622ರಲ್ಲಿ ಇಟಲಿಯ ಗ್ಯಾಸ್ಪರೆ ಅಸೆಲ್ಲಿ, ಆಗತಾನೆ ಚೆನ್ನಾಗಿ ತಿಂದಿದ್ದ ನಾಯಿಯೊಂದರ ಹೊಟ್ಟೆಯನ್ನು ಸೀಳಿದಾಗ ಕರುಳಿನ ಪೊರೆಯ ಮೇಲೆ ಬಿಳಿಯ ಎಳೆಗಳನ್ನು ಕಂಡನು. ಅವನ್ನು ಕತ್ತರಿಸಿದಾಗ ಹಾಲಿನಂಥ ದ್ರವ ಹೊರಬಂತು. ಅವನು ಅವಕ್ಕೆ ಹಾಲಿನ ನಾಳಗಳೆಂದೇ ಹೆಸರಿಟ್ಟನು. ಅವನ ಮರಣಾನಂತರ, 1627ರಲ್ಲಿ, ಆ ಗ್ರಂಥ ಪ್ರಕಟವಾಯಿತು. ಅವನು ಕಂಡದ್ದು ಕೊಬ್ಬು ತುಂಬಿದ ಕರುಳಿನ ದುಗ್ಧನಾಳಗಳನ್ನು. ಆಹಾರದ ಕೊಬ್ಬಿನ ದೊಡ್ಡ ಭಾಗ ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಹನಿಗಳಾಗಿ ಈ ನಾಳಗಳನ್ನು ಹೊಗುತ್ತದೆ. ಆ ಹನಿಗಳು ರಕ್ತದ ಲೋಮನಾಳದ ಭಿತ್ತಿಯನ್ನು ಹೊಗಲಾರದಷ್ಟು ದೊಡ್ಡವು. ಇಲ್ಲಿಯೂ ಮತ್ತೆ ಅದೇ ತತ್ತ್ವ: ರಕ್ತನಾಳಕ್ಕೆ ನೇರವಾಗಿ ಹೋಗಲಾರದ ದೊಡ್ಡ ಕಣಗಳಿಗೆ ದುಗ್ಧನಾಳವೇ ದಾರಿ. ಕೊಬ್ಬಿನ ಸಾಗಣೆ ಮತ್ತು ದ್ರವದ ಮರಳಿಕೆ ಎಂದು ಪುಸ್ತಕ ಪ್ರತ್ಯೇಕವಾಗಿ ಪಟ್ಟಿ ಮಾಡಿರುವ ಎರಡು ಕಾರ್ಯಗಳು ಹೀಗೆ ಒಂದೇ ಮೂಲದವು.

1651ರಲ್ಲಿ ಫ್ರಾನ್ಸಿನ ಜಾನ್ ಪೆಕೆ ವಕ್ಷೀಯ ನಾಳವನ್ನು ವಿವರಿಸಿ, ಈ ಹಾಲು ಯಕೃತ್ತಿಗೆ ಹೋಗದೆ ಕತ್ತಿನ ಬಳಿ ರಕ್ತವನ್ನು ಸೇರುತ್ತದೆ ಎಂದು ತೋರಿಸಿದನು. ಬಳಿಕ 1653ರಲ್ಲಿ ಸ್ವೀಡನ್ನಿನ ಓಲೋಫ್ ರುಡ್‌ಬೆಕ್ ಮತ್ತು ಡೆನ್ಮಾರ್ಕಿನ ತಾಮಸ್ ಬಾರ್ತೊಲಿನ್ ಇಬ್ಬರೂ ದೇಹದ ಇತರ ಭಾಗಗಳ ತಿಳಿದ್ರವದ ನಾಳಗಳನ್ನು ಕುರಿತು ಪ್ರಕಟಿಸಿದರು. ಬಾರ್ತೊಲಿನ್ ಬಳಸಿದ ಲ್ಯಾಟಿನ್ ಪದದ ಅರ್ಥ ತಿಳಿನೀರು; ಲಿಂಫ್ ಎಂಬ ಮಾತು ಬಂದುದು ಅದರಿಂದ. ಹೀಗೆ ನಮ್ಮ ಕನ್ನಡ ಪದ ಅಸೆಲ್ಲಿಯ ಹಾಲನ್ನೂ ಇಂಗ್ಲಿಷ್ ಪದ ಬಾರ್ತೊಲಿನ್‌ನ ತಿಳಿನೀರನ್ನೂ ನೆನಪಿಸುತ್ತವೆ.

ಗ್ರಂಥಿಯಲ್ಲಿ ನಡೆಯುವುದೇನು?

ಮನುಷ್ಯ ದೇಹದಲ್ಲಿ ಸುಮಾರು 600 ದುಗ್ಧಗ್ರಂಥಿಗಳಿವೆ. ಕಂಕುಳು, ತೊಡೆಸಂದು, ಕತ್ತು, ಎದೆಗೂಡು ಮತ್ತು ಹೊಟ್ಟೆಯಲ್ಲಿ ಅವು ಗುಂಪಾಗಿವೆ. ಅವನ್ನು ಜರಡಿ ಎಂದು ಮಾತ್ರ ಹೇಳಿದರೆ ಸಾಲದು. ಗಾಯವಾದ ಬೆರಳಿನಲ್ಲಿ ಬ್ಯಾಕ್ಟೀರಿಯ ಹೊಕ್ಕರೆ, ಅವುಗಳಿಗೆ ತಕ್ಕ ಲಿಂಫೋಸೈಟು ಆ ಬೆರಳಿನಲ್ಲೇ ಇರುವ ಸಂಭವ ತೀರ ಕಡಿಮೆ. ಒಂದೊಂದು ಪ್ರತಿಜನಕವನ್ನು ಗುರುತಿಸಬಲ್ಲ ಲಿಂಫೋಸೈಟುಗಳು ಬಹಳ ವಿರಳ. ಆದ್ದರಿಂದ ಬೆರಳಿನ ಸುದ್ದಿ ದುಗ್ಧರಸದ ಜೊತೆ ಹರಿದು ಕಂಕುಳಿನ ಗ್ರಂಥಿಗೆ ಬರುತ್ತದೆ. ಇತ್ತ ರಕ್ತದಿಂದ ಲಿಂಫೋಸೈಟುಗಳು ಅದೇ ಗ್ರಂಥಿಗೆ ಸರದಿಯಂತೆ ಬಂದು, ನೋಡಿ, ತಮಗೆ ಸಂಬಂಧವಿಲ್ಲದಿದ್ದರೆ ದುಗ್ಧರಸದ ಮೂಲಕ ಮತ್ತೆ ರಕ್ತಕ್ಕೆ ಹೋಗುತ್ತವೆ. ತಕ್ಕ ಲಿಂಫೋಸೈಟು ಸಿಕ್ಕಿದಾಗ ಅದು ಅಲ್ಲಿಯೇ ವೃದ್ಧಿಯಾಗುತ್ತದೆ. ಗ್ರಂಥಿ ಊದಿ ಕೈಗೆ ತಗಲುತ್ತದೆ. ಕಾಲಿಗೆ ಹುಣ್ಣಾದಾಗ ತೊಡೆಸಂದಿನಲ್ಲಿ ಗೆಡ್ಡೆ ಕಟ್ಟುವುದನ್ನು ಕಾಣದ ಹಳ್ಳಿಯ ಮಗು ಇಲ್ಲ.

ಲಿಂಫೋಸೈಟುಗಳ ಈ ಸುತ್ತಾಟವನ್ನು 1959ರಲ್ಲಿ ತೋರಿಸಿದವರು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್. ಇಲಿಗಳ ವಕ್ಷೀಯ ನಾಳದ ದ್ರವವನ್ನು ದಿನಗಟ್ಟಲೆ ಹೊರತೆಗೆದಾಗ ಅದರಲ್ಲಿ ಲಿಂಫೋಸೈಟುಗಳ ಸಂಖ್ಯೆ ಕುಸಿಯಿತು. ಅವೇ ಕಣಗಳನ್ನು ರಕ್ತಕ್ಕೆ ಮರಳಿಸಿದಾಗ ಸಂಖ್ಯೆ ಚೇತರಿಸಿತು. ಹನ್ನೊಂದನೆಯ ತರಗತಿಯಲ್ಲಿ ಓದುವ ದ್ರವದ ಸಾಗಣೆಗೂ ಹನ್ನೆರಡನೆಯ ತರಗತಿಯಲ್ಲಿ ಓದುವ ಪ್ರತಿರಕ್ಷೆಗೂ ಇರುವ ಸೇತುವೆ ಈ ಪ್ರಯೋಗ. ಸೋರಿದ ಪ್ರೋಟೀನನ್ನು ಹಿಂತರುವ ಹರಿವೇ ಸೋಂಕಿನ ಸುದ್ದಿಯನ್ನೂ ತರುತ್ತದೆ. ಎರಡು ಪುಸ್ತಕಗಳ ನಡುವೆ ಈ ಸೇತುವೆ ಕಟ್ಟದಿರುವುದು ನಮ್ಮ ಎರಡನೆಯ ಮುಖ್ಯ ಆಕ್ಷೇಪ.

ಆನೆಕಾಲು: ಮೂರನೆಯ ತುಂಡು

ಹನ್ನೆರಡನೆಯ ತರಗತಿಯ ಪುಸ್ತಕ ಆನೆಕಾಲು ರೋಗವನ್ನು ನಾಳಗಳ ದೀರ್ಘಕಾಲದ ಉರಿಯೂತ ಎಂದು ವರ್ಣಿಸಿ, ಸೊಳ್ಳೆಯಿಂದ ಹರಡುತ್ತದೆ ಎಂದು ಮುಗಿಸುತ್ತದೆ. ಅಲ್ಲಿ ಎರಡು ಹುಳುಗಳನ್ನೂ ವುಕರೇರಿಯ ಎಂದು ಕರೆದಿದೆ. ಅವುಗಳಲ್ಲಿ ಎರಡನೆಯದು 1960ರಲ್ಲಿಯೇ ಬ್ರೂಜಿಯ ಎಂಬ ಬೇರೆ ಕುಲಕ್ಕೆ ಸೇರಿತ್ತು. ಇದು ಸಣ್ಣ ದೋಷ; ತಿದ್ದುವುದು ಸುಲಭ. ದೊಡ್ಡ ಕೊರತೆ ಎಂದರೆ ಹುಳುವಿನಿಂದ ಊತದವರೆಗಿನ ದಾರಿಯನ್ನು ವಿವರಿಸದೆ ಇರುವುದು.

ಆ ದಾರಿ ಹೀಗಿದೆ. ಬೆಳೆದ ಹುಳುಗಳು ಸಂಗ್ರಾಹಕ ದುಗ್ಧನಾಳಗಳಲ್ಲಿ ಗೂಡುಕಟ್ಟಿ ಸುಮಾರು 6ರಿಂದ 8 ವರ್ಷ ಬದುಕುತ್ತವೆ. ನಾಳ ಹಿಗ್ಗುತ್ತದೆ, ಕವಾಟಗಳು ಒಂದಕ್ಕೊಂದು ಮುಟ್ಟದಾಗುತ್ತವೆ, ಪುಟ್ಟ ಪಂಪುಗಳು ಸೋಲುತ್ತವೆ. ಪ್ರೋಟೀನು ಅಂಗಾಂಶದಲ್ಲಿ ಉಳಿದು ನೀರನ್ನು ಹಿಡಿದಿಡುತ್ತದೆ. ಕಾಲಕ್ರಮದಲ್ಲಿ ಅಲ್ಲಿ ನಾರು ಮತ್ತು ಕೊಬ್ಬು ಬೆಳೆದು ಊತ ಗಟ್ಟಿಯಾಗುತ್ತದೆ. ಇದರ ಜೊತೆಗೆ ಆ ಕಾಲಿನ ಸುದ್ದಿ ಗ್ರಂಥಿಗೆ ಸರಿಯಾಗಿ ತಲಪುವುದಿಲ್ಲ. ಬೆರಳುಸಂದಿನ ಸಣ್ಣ ಬಿರುಕಿನಿಂದ ಹೊಕ್ಕ ಬ್ಯಾಕ್ಟೀರಿಯ ಮತ್ತೆ ಮತ್ತೆ ಜ್ವರ, ನೋವು ತರುತ್ತವೆ. ಪ್ರತಿ ಸಲವೂ ಉಳಿದ ನಾಳಗಳು ಇನ್ನಷ್ಟು ಹಾಳಾಗುತ್ತವೆ. ಕಾಲು ಆನೆಯ ಕಾಲಿನಂತಾಗಲು ಹುಳುವಿನಷ್ಟೇ ಈ ಸೋಂಕುಗಳೂ ಕಾರಣ.

ಇದನ್ನು ತಿಳಿದವನಿಗೆ ಚಿಕಿತ್ಸೆಯ ತರ್ಕವೂ ತಿಳಿಯುತ್ತದೆ. ಪ್ರತಿದಿನ ಸಾಬೂನು ಮತ್ತು ನೀರಿನಿಂದ ಕಾಲು ತೊಳೆದು ಬೆರಳುಸಂದು ಒಣಗಿಸುವುದು, ಬಿರುಕುಗಳಿಗೆ ಔಷಧ ಹಚ್ಚುವುದು, ಕಾಲನ್ನು ಎತ್ತರಿಸಿ ಇಡುವುದು, ಪಾದವನ್ನು ಆಡಿಸುವುದು ಇವೇ ಮುಖ್ಯ ಆರೈಕೆ. ಮೂತ್ರವರ್ಧಕ ಗುಳಿಗೆ ಇದಕ್ಕೆ ಮದ್ದಲ್ಲ, ಏಕೆಂದರೆ ಅದು ನೀರನ್ನು ತೆಗೆದರೂ ಪ್ರೋಟೀನನ್ನು ತೆಗೆಯದು. ಕಾಲು ತೊಳೆಯುವುದರಿಂದ ಏನಾದೀತು ಎಂದು ಕೇಳುವ ರೋಗಿಗೆ, ಅವನ ಮನೆಯ ಪಿಯುಸಿ ವಿದ್ಯಾರ್ಥಿ ಕಾರಣ ಕೊಟ್ಟು ಉತ್ತರಿಸಬಹುದು.

ಇದು ನಮಗೆ ದೂರದ ವಿಷಯವಲ್ಲ. ಈ ಹುಳುವಿನ ಮರಿಗಳನ್ನು ಮನುಷ್ಯರ ರಕ್ತದಲ್ಲಿ ಟಿಮತಿ ಲೂಯಿಸ್ ಗುರುತಿಸಿ 1872ರಲ್ಲಿ ಪ್ರಕಟಿಸಿದ್ದು ಕಲ್ಕತ್ತದಲ್ಲಿ. ಕರ್ನಾಟಕದಲ್ಲಿ ಕಲಬುರಗಿ, ಬೀದರ, ಯಾದಗಿರಿ ಮೊದಲಾದ ಜಿಲ್ಲೆಗಳೂ ಕರಾವಳಿಯೂ ಈ ರೋಗವನ್ನು ಕಂಡಿವೆ. 2004ರಿಂದ ಭಾರತದಲ್ಲಿ ಸಾಮೂಹಿಕವಾಗಿ ಮಾತ್ರೆ ನುಂಗಿಸುವ ಕಾರ್ಯಕ್ರಮ ನಡೆದಿದೆ. 2018ರಿಂದ ಕೆಲವೆಡೆ ಮೂರು ಔಷಧಗಳ ಚಿಕಿತ್ಸೆ ಬಂದಿದೆ. ‘ನನಗೆ ಕಾಲು ಊದಿಲ್ಲ, ಮಾತ್ರೆ ಏಕೆ?’ ಎಂಬುದು ಅಲ್ಲಿ ಎದುರಾಗುವ ಪ್ರಶ್ನೆ. ಊತ ಬರುವುದಕ್ಕಿಂತ ವರ್ಷಗಳ ಮುಂಚೆಯೇ ನಾಳ ಕೆಡುತ್ತದೆ, ಮರಿಹುಳುಗಳು ರಕ್ತದಲ್ಲಿ ಸುತ್ತಿ ಸೊಳ್ಳೆಯ ಮೂಲಕ ಇತರರಿಗೆ ಹೋಗುತ್ತವೆ ಎಂದು ತಿಳಿದರೆ ಮಾತ್ರ ಆ ಮಾತ್ರೆಗೆ ಅರ್ಥ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಕಂಕುಳಿನ ಗ್ರಂಥಿಗಳನ್ನು ತೆಗೆದ ಬಳಿಕ ಕೆಲವು ಮಹಿಳೆಯರ ಕೈ ಊದುವುದೂ ಇದೇ ತತ್ತ್ವದಿಂದ.

ಆಕ್ಷೇಪಕ್ಕೆ ಸಮಾಧಾನ

ಇಷ್ಟೆಲ್ಲ ಹತ್ತನೆಯ ತರಗತಿಗೆ ಹೊರೆಯಾಗುವುದಿಲ್ಲವೇ ಎಂದು ಕೇಳಬಹುದು. ಗ್ಲೈಕೋಕ್ಯಾಲಿಕ್ಸ್, ಗೋವನ್ಸರ ಪ್ರಯೋಗ ಅಲ್ಲಿಗೆ ಬೇಡ. ಅವು ಮುಂದಿನ ತರಗತಿಗಳಿಗೆ ಇರಲಿ. ಈಗಿರುವಷ್ಟೇ ಜಾಗದಲ್ಲಿ ಹೀಗೆ ಬರೆಯಬಹುದು: ‘ಲೋಮನಾಳಗಳಿಂದ ನೀರಿನ ಜೊತೆ ಸ್ವಲ್ಪ ಪ್ರೋಟೀನೂ ಕೆಲವು ಬಿಳಿ ರಕ್ತಕಣಗಳೂ ಅಂಗಾಂಶಕ್ಕೆ ಬರುತ್ತವೆ. ಪ್ರೋಟೀನು ರಕ್ತನಾಳಕ್ಕೆ ನೇರವಾಗಿ ಮರಳಲಾರದು. ಮುಚ್ಚಿದ ತುದಿಯುಳ್ಳ ದುಗ್ಧನಾಳಗಳು ಇವನ್ನೂ ಕರುಳಿನ ಕೊಬ್ಬನ್ನೂ ಒಯ್ಯುತ್ತವೆ. ನಾಳದೊಳಗಿನ ದ್ರವಕ್ಕೆ ದುಗ್ಧರಸ ಎಂದು ಹೆಸರು. ದಾರಿಯಲ್ಲಿರುವ ಗ್ರಂಥಿಗಳಲ್ಲಿ ರೋಗಾಣುಗಳನ್ನು ಗುರುತಿಸಲಾಗುತ್ತದೆ. ನಾಳಗಳು ತಾವೇ ಸಂಕುಚಿಸಿ ದ್ರವವನ್ನು ಕತ್ತಿನ ಬಳಿಯ ಅಭಿಧಮನಿಗೆ ತಲಪಿಸುತ್ತವೆ. ನಾಳಗಳು ಕೆಟ್ಟರೆ ಆ ಭಾಗ ಊದುತ್ತದೆ.’ ಇದು ಏಳು ವಾಕ್ಯ. ಇದರಲ್ಲಿ ಕಾರಣ ಇದೆ, ಮುಂದಿನ ಎರಡೂ ಪುಸ್ತಕಗಳಿಗೆ ಬಾಗಿಲೂ ಇದೆ.

ಪುಸ್ತಕ ಬದಲಾಗುವವರೆಗೆ ಶಿಕ್ಷಕರು ಕಾಯಬೇಕಾಗಿಲ್ಲ. ರಕ್ತಪರಿಚಲನೆಯ ನಕ್ಷೆಯನ್ನು ಹಲಗೆಯ ಮೇಲೆ ಬರೆದಾಗ, ಅಂಗಾಂಶದಿಂದ ಕತ್ತಿನವರೆಗೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಒಂದು ಒಂಟಿದಾರಿಯನ್ನು ಎಳೆದು, ನಡುವೆ ಎರಡು ಗಂಟು ಹಾಕಬಹುದು. ಪರೀಕ್ಷೆಯಲ್ಲಿ ‘ಎರಡು ಕಾರ್ಯ ಬರೆಯಿರಿ’ ಎಂಬುದರ ಬದಲು ‘ಕಾಲಿನ ದುಗ್ಧನಾಳಗಳು ಕೆಟ್ಟರೆ ಕಾಲು ಏಕೆ ಊದುತ್ತದೆ?’ ಎಂದು ಕೇಳಬಹುದು. ಹನ್ನೆರಡನೆಯ ತರಗತಿಯಲ್ಲಿ ಆನೆಕಾಲಿನ ಪ್ಯಾರಾವನ್ನು ದುಗ್ಧಗ್ರಂಥಿಯ ಪಾಠದ ನಂತರ ಮತ್ತೊಮ್ಮೆ ಓದಿಸಬಹುದು.

ಕೊನೆಯದಾಗಿ ಒಂದು ಎಚ್ಚರಿಕೆ. ಮಿದುಳಿನ ಪೊರೆಗಳಲ್ಲಿ ದುಗ್ಧನಾಳಗಳಿಲ್ಲ ಎಂದು ಬಹುಕಾಲ ಎಲ್ಲ ಪುಸ್ತಕಗಳೂ ಬರೆದವು. ಇಟಲಿಯ ಪಾವ್ಲೊ ಮಸ್ಕಾನಿ 1787ರಲ್ಲಿಯೇ ಅವನ್ನು ಸೂಚಿಸಿದ್ದರೂ ಯಾರೂ ಒಪ್ಪಲಿಲ್ಲ. 2015ರಲ್ಲಿ ಅಮೆರಿಕದ ವರ್ಜೀನಿಯ ಮತ್ತು ಫಿನ್ಲೆಂಡಿನ ಹೆಲ್ಸಿಂಕಿಯ ಎರಡು ತಂಡಗಳು ಇಲಿಗಳ ಮಿದುಳ ಹೊರಪೊರೆಯಲ್ಲಿ ಅವನ್ನು ತೋರಿಸಿದವು. ನಂತರ ಮನುಷ್ಯರಲ್ಲಿಯೂ ಕಂಡವು. ‘ಇಲ್ಲ’ ಎಂದು ಮುದ್ರಿತವಾದದ್ದು ಎರಡು ಶತಮಾನ ನೋಡುವವರ ಕಣ್ಣನ್ನು ತಡೆಯಬಲ್ಲದು. ಆದ್ದರಿಂದ ಪಠ್ಯದಲ್ಲಿ ಬರೆಯುವ ಒಂದೊಂದು ವಾಕ್ಯಕ್ಕೂ ತೂಕವಿದೆ. ದುಗ್ಧರಸದ ಪ್ಯಾರಾ ಚಿಕ್ಕದಾಗಿಯೇ ಇರಲಿ. ಅದರಲ್ಲಿ ‘ಏಕೆ’ ಎಂಬುದಕ್ಕೆ ಉತ್ತರವಿರಲಿ.